ಕುರಿ ಈಯುವ ಕಾಲದಲ್ಲಿ ನರಿ ಕಾಟ: ರಾತ್ರಿ ಮರಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಮುಂಗಾರಿನ ಹಸಿರು ಮೇದು ಗಬ್ಬ ಕಟ್ಟಿದ ಕುರಿಗಳು ಐದು ತಿಂಗಳು ತುಂಬಿ, ಕಾರ್ತಿಕ-ಮಾರ್ಗಶಿರದ ಹೊತ್ತಿಗೆ ಈಯತೊಡಗುತ್ತವೆ. ಗದಗ, ಮುಂಡರಗಿ, ಶಿರಹಟ್ಟಿ, ರಾಣೆಬೆನ್ನೂರು ಕಡೆಯ ಹಟ್ಟಿಗಳಲ್ಲಿ (ಹೊಲದಲ್ಲಿ ಬಲೆ ಕಟ್ಟಿ ರಾತ್ರಿ ಕುರಿ ಕೂಡುವ ಜಾಗ) ಆಗ ಕೇಳಿಬರುವ ದೂರು ಒಂದೇ: ರಾತ್ರಿ ನರಿ ಬಂದು ಮರಿ ಹೊತ್ತುಕೊಂಡು ಹೋಯಿತು. ಅಂಥ ಹಟ್ಟಿಗೆ ಹೋಗಿ ನೋಡಿದರೆ ಬಲೆ ಎದೆಮಟ್ಟಕ್ಕೆ ನಿಂತಿರುತ್ತದೆ, ಮೂಲೆಯಲ್ಲಿ ದೀಪವೂ ಉರಿಯುತ್ತಿರುತ್ತದೆ. ಆದರೆ ಬಲೆಯ ಬುಡದಲ್ಲಿ ಗೇಣುದ್ದದ ಸಂದು ಇರುತ್ತದೆ. ನಾಲ್ಕು ಹೆಜ್ಜೆ ಆಚೆಯ ಹಳ್ಳದಲ್ಲಿ ಹಿಂದಿನ ರಾತ್ರಿ ಈದ ಕುರಿಯ ಕಸ, ಅಂದರೆ ಮಾಸು, ಬಿದ್ದಿರುತ್ತದೆ. ಈ ಎರಡನ್ನು ಸರಿಪಡಿಸದೆ ದೀಪ, ಪಟಾಕಿ, ನಾಯಿ ಎಂದು ಎಷ್ಟು ಹಣ ಸುರಿದರೂ ಮರಿ ಉಳಿಯುವುದಿಲ್ಲ.

ಮೊದಲು, ಯಾರ ಕೆಲಸವೆಂದು ತಿಳಿಯಿರಿ

ನರಿ ಎಂದು ನಾವು ಕರೆಯುವ ಪ್ರಾಣಿಗಳು ಎರಡು. ಸಂಜೆ ಊಳಿಡುವ ದೊಡ್ಡ ನರಿ ಎಂಟರಿಂದ ಹತ್ತು ಕಿಲೋ ತೂಗುತ್ತದೆ. ಎಳೆಯ ಮರಿಯನ್ನು ಕಚ್ಚಿ ಎಳೆದೊಯ್ಯುವ ಶಕ್ತಿ ಅದಕ್ಕಿದೆ. ಬಾಲದ ತುದಿ ಕಪ್ಪಗಿರುವ ಬಯಲಿನ ಸಣ್ಣ ನರಿ ಎರಡು-ಮೂರು ಕಿಲೋದ ಪ್ರಾಣಿ. ಹುಟ್ಟಿದ ಮರಿಯೇ ಹೆಚ್ಚುಕಡಿಮೆ ಅಷ್ಟು ತೂಗುತ್ತದೆ. ಇಲಿ, ಹುಳು, ಬಾರೆಹಣ್ಣು ತಿಂದು ಬದುಕುವ ಈ ಸಣ್ಣ ನರಿ ಹಟ್ಟಿಯ ಸುತ್ತ ಸುಳಿಯುವುದು ಬಹುಮಟ್ಟಿಗೆ ಕಸಕ್ಕೆ ಮತ್ತು ಸತ್ತು ಹುಟ್ಟಿದ ಮರಿಗೆ. ಕಡಲೆ ಹೊಲದ ಇಲಿಗಳನ್ನು ತಿನ್ನುವುದೂ ಅದೇ. ಇವೆರಡರ ಜೊತೆಗೆ ತೋಳವಿದೆ, ಊರಿನ ಬೀದಿನಾಯಿಗಳಿವೆ. ಬೀದಿನಾಯಿ ಮಾಡಿದ ಹಾನಿಯನ್ನು ನರಿಯ ತಲೆಗೆ ಕಟ್ಟುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಪರಿಹಾರಕ್ಕೆ ಅರ್ಜಿ ಹಾಕುವುದಿಲ್ಲವಾದರೆ, ಸತ್ತ ಮರಿ ಸಿಕ್ಕಾಗ ಎಸೆಯುವ ಮುಂಚೆ ಕೈಗೆ ಕವಚ ಹಾಕಿಕೊಂಡು ಪರೀಕ್ಷಿಸಿ. ಗೊರಸಿನ ತುದಿ ನೋಡಿ. ಹುಟ್ಟುವಾಗ ಅಲ್ಲಿ ಹಳದಿ ಬಣ್ಣದ ಮೆತ್ತನೆಯ ಪದರವಿರುತ್ತದೆ. ಮರಿ ಎದ್ದು ನಡೆದಾಡಿದರೆ ಅದು ಸವೆದುಹೋಗುತ್ತದೆ. ಪದರ ಹಾಗೆಯೇ ಇದ್ದರೆ ಆ ಮರಿ ಎದ್ದು ನಿಂತಿರಲೇ ಇಲ್ಲ. ಆಮೇಲೆ ಹಲ್ಲು ನಾಟಿದ ಜಾಗದ ಚರ್ಮವನ್ನು ಚಾಕುವಿನಿಂದ ಬಿಡಿಸಿ. ಒಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ ಜೀವವಿದ್ದಾಗಲೇ ಕಚ್ಚಿದೆ ಎಂದರ್ಥ. ಬಿಳಿಚಿಕೊಂಡಿದ್ದರೆ ಮರಿ ಮೊದಲೇ ಸತ್ತಿತ್ತು, ಪ್ರಾಣಿ ಆಮೇಲೆ ಬಂದು ತಿಂದಿದೆ. ಇನ್ನೂ ಅನುಮಾನವಿದ್ದರೆ ಶ್ವಾಸಕೋಶದ ಒಂದು ತುಂಡನ್ನು ನೀರಿಗೆ ಹಾಕಿ: ಉಸಿರಾಡಿದ ಮರಿಯದಾದರೆ ತೇಲುತ್ತದೆ, ಉಸಿರಾಡದೆ ಸತ್ತದ್ದಾದರೆ ಮುಳುಗುತ್ತದೆ. ಹೀಗೆ ಸತ್ತು ಹುಟ್ಟಿದ ಮರಿಗಳೇ ಹೆಚ್ಚಾಗಿ ಸಿಕ್ಕರೆ ಬೇಲಿಗಿಂತ ಮೊದಲು ಪಶುವೈದ್ಯರು ಬೇಕು. ಕಂದು ಹಾಕುವ (ಗರ್ಭಪಾತವಾಗುವ) ರೋಗ ಹಿಂಡಿನಲ್ಲಿ ಹರಡುತ್ತಿರಬಹುದು.

ಗಾಯದ ರೀತಿಯೂ ಗುರುತು ಹೇಳುತ್ತದೆ. ಹಲವು ಕುರಿಗಳ ಹಿಂಗಾಲು, ಬಾಲ, ಕಿವಿ ಹರಿದು, ಯಾವುದನ್ನೂ ಸರಿಯಾಗಿ ತಿನ್ನದೆ ಬಿಟ್ಟಿದ್ದರೆ ಅದು ನಾಯಿಗಳ ಕೆಲಸ. ಗಂಟಲಿಗೆ ಹಲ್ಲು ಹಾಕಿದ್ದರೆ, ಇಲ್ಲವೆ ದೊಡ್ಡ ಮರಿಯೇ ಪೂರ್ತಿ ಕಾಣೆಯಾಗಿದ್ದರೆ ತೋಳ. ದೊಡ್ಡ ನರಿ ಎಳೆಮರಿಯ ಹೊಟ್ಟೆಯ ಭಾಗವನ್ನು ಮೊದಲು ಬಗೆಯುತ್ತದೆ.

ಜಾಗ

ಹಳ್ಳದ ದಂಡೆ, ಬಳ್ಳಾರಿ ಜಾಲಿಯ ಪೊದೆ, ಎತ್ತರಕ್ಕೆ ಬೆಳೆದ ಗೋವಿನಜೋಳದ ಹೊಲ ಇವುಗಳಿಂದ ದೂರ, ಸುತ್ತ ನೆಲ ಕಾಣುವ ಕಡೆ ಹಟ್ಟಿ ಹಾಕಿ. ಗೊಬ್ಬರಕ್ಕೆ ಕುರಿ ನಿಲ್ಲಿಸಲು ಕರೆದ ಹೊಲದ ಯಜಮಾನರು ತೋರಿಸಿದ ಮೂಲೆಯನ್ನೇ ಒಪ್ಪಿಕೊಳ್ಳಬೇಕಾಗಿಲ್ಲ. ಈಯುವ ಕುರಿಗಳಿವೆ ಎಂದು ಹೇಳಿ ನಡು ಹೊಲವನ್ನೇ ಕೇಳಿ.

ಬಲೆಯ ಬುಡ

ನರಿ ಬಲೆ ಹಾರುವುದು ಅಪರೂಪ, ನುಸುಳುವುದೇ ಹೆಚ್ಚು. ಅದರ ತಲೆ ತೂರುವಷ್ಟು ಸಂದು ಇದ್ದರೆ ಮೈಯೂ ತೂರುತ್ತದೆ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಈ ಹಂಗಾಮಿನಲ್ಲಿ ನೆಲ ಬಿರುಕು ಬಿಡುತ್ತದೆ. ಸಂಜೆ ಬಿಗಿಯಾಗಿ ಹೊಡೆದ ಗೂಟ ಎರಡು ದಿನದಲ್ಲಿ ಅಲುಗಾಡುತ್ತದೆ, ಬಲೆ ಸಡಿಲಾಗಿ ಮೇಲೇಳುತ್ತದೆ. ಆದ್ದರಿಂದ ಎರೆಯಲ್ಲಿ ಗೂಟಗಳ ನಡುವಿನ ಅಂತರ ಕಡಿಮೆ ಇರಲಿ. ಗೂಟ ನೆಟ್ಟಗೆ ಬೇಡ, ಹೊರಕ್ಕೆ ಸ್ವಲ್ಪ ವಾಲಿಸಿ ಹೊಡೆಯಿರಿ. ಬಲೆಯ ಕೆಳಗಿನ ಒಂದೂವರೆ ಅಡಿಯನ್ನು ನೆಟ್ಟಗೆ ಇಳಿಬಿಡದೆ ಹೊರಮಗ್ಗುಲಿಗೆ ನೆಲದ ಮೇಲೆ ಹಾಸಿ, ಅದರ ಮೇಲೆ ಕಲ್ಲು ಅಥವಾ ಮಣ್ಣಿನ ಹೆಂಟೆ ಹೇರಿ. ನೆಲ ಕೆದರಲು ಬಂದ ಪ್ರಾಣಿ ಬೇಲಿಯ ಬುಡದಲ್ಲೇ ನಿಂತು ಕೆದರುತ್ತದೆ. ಅಲ್ಲಿ ಕಾಲ ಕೆಳಗೆ ಬಲೆಯೇ ಸಿಕ್ಕರೆ ಹಿಂದೆ ಸರಿದು ಕೆದರುವ ಬುದ್ಧಿ ಅದಕ್ಕೆ ಹೊಳೆಯುವುದಿಲ್ಲ. ಕಪ್ಪತಗುಡ್ಡದ ಬುಡದ ಮಸಾರಿ (ಕೆಂಪು ಮಣ್ಣಿನ), ಗರಸು (ಕಲ್ಲು ಬೆರೆತ) ನೆಲದಲ್ಲಿ ಕೆದರುವ ಭಯ ಕಡಿಮೆ. ಅಲ್ಲಿ ತಗ್ಗು-ದಿನ್ನೆಯೇ ಸಂದು ಮಾಡುತ್ತದೆ. ಕಲ್ಲಿಗೆ ಅಲ್ಲಿ ಬರವಿಲ್ಲ, ತಗ್ಗುಗಳನ್ನು ತುಂಬಿಸಿ.

ಬಲೆಯ ಹೊರಗೆ ಮುಳ್ಳು ಹಾಕುವುದಾದರೆ ಬುಡ ಒಳಮುಖವಾಗಿ, ಟೊಂಗೆಯ ತುದಿ ಹೊರಮುಖವಾಗಿ ಇರಬೇಕು. ಇದನ್ನು ಹತ್ತರಲ್ಲಿ ಎಂಟು ಮಂದಿ ತಿರುಗುಮುರುಗು ಹಾಕುತ್ತಾರೆ. ಬುಡ ಹೊರಗಿದ್ದರೆ ನಾಯಿಯೋ ತೋಳವೋ ಕಚ್ಚಿ ಎಳೆದು ಕಂಡಿ ಮಾಡುತ್ತದೆ. ತುದಿ ಹೊರಗಿದ್ದರೆ ಕಚ್ಚಲು ಮುಳ್ಳೇ ಸಿಗುತ್ತದೆ, ಟೊಂಗೆ ಸಡಿಲಾದಾಗ ನೀವು ಒಳಗಿನಿಂದಲೇ ಬುಡ ಹಿಡಿದು ಬಿಗಿ ಮಾಡಬಹುದು. ಬಾಗಿಲಿಗೆ ತೊಗರಿ ಕಟ್ಟಿಗೆಯ ತಟ್ಟಿ ಸಾಕು, ಆದರೆ ಅದರ ಕೆಳಗೆ ಒಂದು ಮರದ ದಿಮ್ಮಿ ಅಡ್ಡ ಇರಲೇಬೇಕು.

ಈಯುವ ಕುರಿಗೆ ನಡುಗೂಡು

ಎಲ್ಲರೂ ಬಿಟ್ಟುಬಿಡುವ, ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ನೋವು ಬಂದ ಕುರಿ ಹಿಂಡಿನ ನಡುವೆ ನಿಲ್ಲುವುದಿಲ್ಲ. ಒಂಟಿ ಜಾಗ ಹುಡುಕುತ್ತ ಅಂಚಿಗೆ ಹೋಗುತ್ತದೆ. ಹಟ್ಟಿಯಲ್ಲಿ ಅಂಚು ಎಂದರೆ ಬಲೆಯ ಪಕ್ಕ. ಹುಟ್ಟಿದ ಮರಿ ಒದ್ದೆಯಾಗಿ, ಕಾಲು ನಿಲ್ಲದೆ, ಬಲೆಗೆ ಒತ್ತಿಕೊಂಡೇ ಮಲಗುತ್ತದೆ. ಹೊರಗಿನಿಂದ ಬಾಯಿ ಹಾಕಿ ಎಳೆದರೆ ಮುಗಿಯಿತು, ಪ್ರಾಣಿ ಒಳಗೆ ಬರುವ ಅಗತ್ಯವೂ ಇಲ್ಲ. ಹಿಂಡಿನಲ್ಲಿ ಆಡುಗಳೂ ಇದ್ದರೆ ಅವಳಿಗಳು ಸಾಮಾನ್ಯ. ಎರಡನೆಯದನ್ನು ನೆಕ್ಕುತ್ತಿರುವ ತಾಯಿಗೆ ಮೊದಲನೆಯದರ ಮೇಲೆ ಗಮನ ಇರುವುದಿಲ್ಲ.

ಆದ್ದರಿಂದ ಸಂಜೆ ಹಿಂಡು ಮೇದು ಮರಳಿದ ಕೂಡಲೇ, ಬೆಳಕಿರುವಾಗಲೇ, ಒಂದೊಂದನ್ನೂ ನೋಡಿ. ಕೆಚ್ಚಲು ಬಿಗಿದು ಹೊಳೆಯುತ್ತಿದೆಯೇ, ಬಾಲದ ಬುಡದ ಎರಡೂ ಬದಿ ತಗ್ಗು ಬಿದ್ದಿದೆಯೇ, ಈಯುವ ದ್ವಾರ ಊದಿ ಸಡಿಲಾಗಿದೆಯೇ, ಮೇವು ಬಿಟ್ಟು ಮುಂಗಾಲಿನಿಂದ ನೆಲ ಕೆರೆಯುತ್ತಿದೆಯೇ ಎಂದು ಗಮನಿಸಿ. ಅಂಥವುಗಳ ಬೆನ್ನಿಗೆ ಕೆಮ್ಮಣ್ಣು ಹಚ್ಚಿ ನಡುಗೂಡಿಗೆ ಸೇರಿಸಿ. ನಡುಗೂಡೆಂದರೆ ಹಟ್ಟಿಯ ಒಳಗೇ, ಸರಿಯಾಗಿ ಮಧ್ಯದಲ್ಲಿ, ತಟ್ಟಿಗಳಿಂದ ಕಟ್ಟಿದ ಸಣ್ಣ ಕೋಣೆಗಳು. ಒಂದು ಕುರಿಗೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ತಟ್ಟಿ ಒತ್ತಾಗಿರಲಿ, ಮರೆ ಸಿಕ್ಕರೆ ಒಂಟಿ ಜಾಗ ಸಿಕ್ಕಿತೆಂದು ಕುರಿ ಅಲ್ಲೇ ನೆಮ್ಮದಿಯಿಂದ ಮಲಗುತ್ತದೆ. ಸುತ್ತ ಹಿಂಡು, ಅದರಾಚೆ ಬಲೆ, ಅದರಾಚೆ ಮುಳ್ಳು. ಹೊರಗಿನ ಬಾಯಿಗೂ ಮರಿಗೂ ನಡುವೆ ಇಷ್ಟು ಅಡ್ಡಿ ಇರಲೇಬೇಕು.

ಮರಿ ಬಿದ್ದ ಮೇಲೆ ಮೂಗು-ಬಾಯಿ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ತಾಯಿ ನೆಕ್ಕಲು ಬಿಡಿ. ಗಡಿಬಿಡಿಯಲ್ಲಿ ಮರಿಯನ್ನು ಎತ್ತಿ ಬುಟ್ಟಿಯಡಿ ಹಾಕುವವರಿದ್ದಾರೆ. ಮೊದಲ ತಾಸಿನಲ್ಲಿ ಹಾಗೆ ಮಾಡಿದರೆ ತಾಯಿಗೆ ವಾಸನೆಯ ಗುರುತು ಹತ್ತುವುದಿಲ್ಲ, ಬೆಳಿಗ್ಗೆ ಅದು ತನ್ನ ಮರಿಯನ್ನೇ ಒದೆಯುತ್ತದೆ. ಒಂದೆರಡು ತಾಸಿನೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗಬೇಕು. ಮೂರು ಕಿಲೋದ ಮರಿಗೆ ಮೊದಲ ದಿನ ಕನಿಷ್ಠ 300 ಮಿಲಿಲೀಟರ್ ಗಿಣ್ಣವಾದರೂ ಬೇಕು. ಇದು ಆರೋಗ್ಯದ ಮಾತು ಮಾತ್ರವಲ್ಲ, ಕಾವಲಿನ ಮಾತೂ ಹೌದು: ಹೊಟ್ಟೆ ತುಂಬಿದ ಮರಿ ನಿದ್ದೆ ಮಾಡುತ್ತದೆ, ಹಸಿದ ಮರಿ ರಾತ್ರಿಯಿಡೀ ಅರಚಿ ದೂರದ ನರಿಗೆ ದಾರಿ ತೋರಿಸುತ್ತದೆ. ಹೊಟ್ಟೆ ಮುಟ್ಟಿ ನೋಡಿ. ಖಾಲಿ ಇದ್ದರೆ ತಾಯಿಯನ್ನು ಹಿಡಿದು ನಿಲ್ಲಿಸಿ ಮೊಲೆ ಬಾಯಿಗಿಡಿ.

ಕಸ

ಕಸ ಬಿದ್ದ ಕೂಡಲೇ ಎತ್ತಬೇಕು. ಬೆಳಿಗ್ಗೆ ಎತ್ತಿದರಾಯಿತು ಎನ್ನುವ ಮಾತು ಬೇಡ. ಹಗಲಿನಲ್ಲೇ ಮೂರು ಅಡಿ ಆಳದ ಗುಂಡಿ ತೋಡಿಟ್ಟುಕೊಳ್ಳಿ; ಕತ್ತಲಲ್ಲಿ ಯಾರೂ ಗುಂಡಿ ತೋಡುವುದಿಲ್ಲ, ಹಳ್ಳಕ್ಕೆ ಎಸೆದುಬಿಡುತ್ತಾರೆ. ಕಸ, ರಕ್ತ ಬಿದ್ದ ಹುಲ್ಲು, ಸತ್ತು ಹುಟ್ಟಿದ ಮರಿ ಎಲ್ಲವನ್ನೂ ಅದಕ್ಕೆ ಹಾಕಿ, ಸುಣ್ಣ ಉದುರಿಸಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿ. ಕಸ ಬೀಳದಿದ್ದರೆ ಕೈ ಹಾಕಿ ಎಳೆಯಬೇಡಿ. ಹನ್ನೆರಡು ತಾಸು ಕಳೆದರೂ ಬೀಳದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುವೈದ್ಯರನ್ನು ಕರೆಸಿ. ಬರಿಗೈಯಲ್ಲಿ ಮುಟ್ಟಬಾರದು, ಬ್ರುಸೆಲ್ಲಾ ರೋಗ ಕುರಿಯಿಂದ ಮನುಷ್ಯನಿಗೆ ಹತ್ತುವುದು ಹೀಗೆಯೇ. ಹಟ್ಟಿಯ ನಾಯಿಗೂ ಕಸ ಹಾಕಬೇಡಿ. ಕಸದ ರುಚಿ ಹತ್ತಿದ ನಾಯಿ ಈಯುವ ಕುರಿಯ ಹಿಂದೆಯೇ ಸುತ್ತುತ್ತದೆ, ಒಂದು ದಿನ ಮರಿಗೂ ಬಾಯಿ ಹಾಕುತ್ತದೆ.

ನಾಯಿ, ದೀಪ, ಎಚ್ಚರ

ಕಾವಲಿಗೆ ಮುಧೋಳ ನಾಯಿ ಬೇಡ. ಅದು ಓಡಿ ಬೇಟೆಯಾಡುವ ನಾಯಿ, ಮೊಲ ಕಂಡರೆ ಹಟ್ಟಿ ಬಿಟ್ಟು ಹೋಗುತ್ತದೆ. ಮರಿಗಳ ನಡುವೆಯೇ ಬೆಳೆದ ದಪ್ಪ ಕೊರಳಿನ ನಾಡನಾಯಿ ಎರಡು ಇದ್ದರೆ ಸಾಕು. ಕೊರಳಿಗೆ ಮುಳ್ಳಿನ ಪಟ್ಟಿ, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ, ಸಂಜೆ ಹೊಟ್ಟೆ ತುಂಬ ನುಚ್ಚು ಇವುಗಳಲ್ಲಿ ಜುಗ್ಗತನ ಮಾಡಬೇಡಿ. ಈ ಕಾಲದಲ್ಲಿ ನಮ್ಮ ಕಡೆ ಮೂಡಣ ಗಾಳಿ ಹೆಚ್ಚು. ಹಟ್ಟಿಯ ವಾಸನೆ ಪಡುವಣಕ್ಕೆ ಹರಿಯುತ್ತದೆ, ವಾಸನೆ ಹಿಡಿದ ಪ್ರಾಣಿ ಆ ಕಡೆಯಿಂದಲೇ ಬರುತ್ತದೆ. ಒಂದು ನಾಯಿಯನ್ನು ಪಡುವಣ ಬದಿಯಲ್ಲಿ ಮಲಗಿಸಿ, ನಿಮ್ಮ ಹಾಸಿಗೆಯೂ ಅತ್ತಲೇ ಇರಲಿ.

ಮಿನುಗುವ ಸೌರದೀಪಗಳು ಕೆಲವು ರಾತ್ರಿ ಕೆಲಸ ಮಾಡುತ್ತವೆ. ಒಂದೇ ಜಾಗದಲ್ಲಿ ಒಂದೇ ರೀತಿ ಮಿನುಗಿದರೆ ನರಿಗೆ ರೂಢಿಯಾಗುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಜಾಗ, ಎತ್ತರ ಬದಲಿಸಿ. ಕಿವಿಗೆ ಕೇಳದ ಸದ್ದು ಮಾಡುತ್ತದೆಂದು ಸಂತೆಯಲ್ಲಿ ಮಾರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಕೊಳ್ಳಬೇಡಿ. ಆ ಹಣಕ್ಕೆ ಒಂದು ಒಳ್ಳೆಯ ಕೈಬ್ಯಾಟರಿ (ಟಾರ್ಚ್) ಬರುತ್ತದೆ. ಎದ್ದು ಬೆಳಕು ಬೀರುತ್ತ ಹಟ್ಟಿ ಸುತ್ತುವ ಮನುಷ್ಯನಿಗಿಂತ ನರಿ ಹೆದರುವ ವಸ್ತು ಇನ್ನೊಂದಿಲ್ಲ. ನರಿಗಳ ಓಡಾಟ ಮುಸ್ಸಂಜೆಗೆ ಮತ್ತು ನಸುಕಿಗೆ ಹೆಚ್ಚು. ಆದರೆ ನಮ್ಮವರು ನಡುರಾತ್ರಿಯವರೆಗೆ ಎಚ್ಚರವಿದ್ದು, ಚಳಿ ಏರುವ ನಸುಕಿನಲ್ಲಿ ಕಂಬಳಿ ಮುಸುಕು ಹಾಕಿಕೊಳ್ಳುತ್ತಾರೆ. ಪಾಳಿ ಹಂಚಿಕೊಳ್ಳುವಾಗ ಗಟ್ಟಿಗನಿಗೆ ನಸುಕಿನ ಪಾಳಿ ಕೊಡಿ.

ವಿಷ ಬೆರೆಸಿದ ಮಾಂಸ, ಉರುಳು, ಸಿಡಿಮದ್ದು, ಬೇಲಿಗೆ ನೇರ ಕರೆಂಟು ಇವುಗಳ ತಂಟೆಗೆ ಹೋಗಬೇಡಿ. ವಿಷ ಮೊದಲು ತಿನ್ನುವುದು ನಿಮ್ಮದೇ ನಾಯಿ, ಕರೆಂಟು ಹಿಡಿಯುವುದು ನಸುಕಿನಲ್ಲಿ ಹೊಲಕ್ಕೆ ಬಂದ ಮನುಷ್ಯನನ್ನು. ನರಿ, ತೋಳ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕೊಂದರೆ ಜೈಲು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಅದಕ್ಕಿಂತ ಬಹಳ ಹಳೆಯದು. ಅವುಗಳ ಅಂಚಿನಲ್ಲಿ ಹಟ್ಟಿ ಹಾಕುವವರು ಇದನ್ನು ಇನ್ನಷ್ಟು ನೆನಪಿಡಬೇಕು.

ಇಷ್ಟೆಲ್ಲ ಮಾಡಿಯೂ ಕುರಿ ಹೋದರೆ ಕಳೇಬರವನ್ನು ಅಲುಗಾಡಿಸದೆ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಹೆಜ್ಜೆಗುರುತಿನ ಮೇಲೆ ಬುಟ್ಟಿ ಬೋರಲು ಹಾಕಿ ಕಾಪಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅದೇ ದಿನ ತಿಳಿಸಿ. ಪಶುವೈದ್ಯರ ಪರೀಕ್ಷೆ, ಅರಣ್ಯ ಸಿಬ್ಬಂದಿಯ ಮಹಜರು ಆದ ಮೇಲೆಯೇ ಹೂಳಬೇಕು. ಅವೆರಡೂ ಇಲ್ಲದೆ ಪರಿಹಾರದ ಅರ್ಜಿ ಮುಂದೆ ಸಾಗುವುದಿಲ್ಲ. ಆ ರಾತ್ರಿ ಅದೇ ಜಾಗದಲ್ಲಿ ಮಲಗಬೇಡಿ. ಒಮ್ಮೆ ಮರಿ ಸಿಕ್ಕ ಜಾಗಕ್ಕೆ ಪ್ರಾಣಿ ಮರಳಿ ಬರುತ್ತದೆ, ಆದ್ದರಿಂದ ಕತ್ತಲಾಗುವ ಮುಂಚೆ ಹಟ್ಟಿ ಕಿತ್ತು ಬೇರೆ ಹೊಲಕ್ಕೆ ಹೋಗಿ.