ಶಾಕಪ್ ತಪ್ಪು ಬಂದಿದೆಯೇ? ಫೋನ್ ಇಡಿ, ಬರೆಯಲು ಕೂರಿ

ಹುಬ್ಬಳ್ಳಿ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ನನ್ನ ಕಾರು ಜಾಕ್ ಮೇಲೆ ನಿಂತಿತ್ತು. ಮುಂದಿನ ಎರಡೂ ಶಾಕಪ್, ಅಂದರೆ ಗಾಡಿಯ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್, ಬಿಚ್ಚಿ ಆಗಿತ್ತು. ಆನ್‌ಲೈನ್‌ನಲ್ಲಿ ತರಿಸಿದ್ದ ಹೊಸ ಜೋಡಿಯನ್ನು ಮಿಸ್ತ್ರಿ ಗೋಣಿಚೀಲದ ಮೇಲೆ ಮಲಗಿಸಿದರು. ಪಕ್ಕದಲ್ಲಿ ಹಳೆಯ ಜೋಡಿ ಇಟ್ಟರು. ಸ್ವಲ್ಪ ಹೊತ್ತು ನೋಡಿ, "ಸರ, ಇವೆರಡೂ ಎಡಗಡೀವ ಅದಾವ್ರಿ" ಅಂದರು.

ಮುಂದಿನ ಶಾಕಪ್‌ನಲ್ಲಿ ಎಡ ಬೇರೆ, ಬಲ ಬೇರೆ. ಬ್ರೇಕ್ ಪೈಪ್ ಹಿಡಿದುಕೊಳ್ಳುವ ಸಣ್ಣ ಕಿವಿ ಒಂದರಲ್ಲಿ ಈ ಕಡೆ ಇದ್ದರೆ ಇನ್ನೊಂದರಲ್ಲಿ ಆ ಕಡೆ ಇರಬೇಕು. ನಮಗೆ ಬಂದ ಎರಡರಲ್ಲೂ ಒಂದೇ ಕಡೆ ಇತ್ತು. ಡಬ್ಬಿ ನೋಡಿದರೆ ಒಂದರ ಮೇಲೆ 'ಎಲ್', ಇನ್ನೊಂದರ ಮೇಲೆ 'ಆರ್'. ಗ್ಯಾರೇಜಿನ ಹುಡುಗ ಆ 'ಆರ್' ಸ್ಟಿಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿದ. ಅದರ ಅಡಿಯಲ್ಲಿ ಇನ್ನೊಂದು ಸ್ಟಿಕರ್ ಇತ್ತು. ಅದರಲ್ಲಿ 'ಎಲ್' ಅಂತ ಇತ್ತು.

ಆ ಜೋಡಿಗೆ ಕೊಟ್ಟಿದ್ದ 6,840 ರೂಪಾಯಿ ವಾಪಸ್ ಬರಲು 33 ದಿನ ಹಿಡಿಯಿತು. ಮೊದಲ 17 ದಿನ ನಾನು ಬರೀ ಫೋನ್ ಮಾಡಿದೆ. ಆ 17 ದಿನದಿಂದ ಮೂರು ಕಾಸಿನ ಉಪಯೋಗ ಆಗಲಿಲ್ಲ. ಆಮೇಲೆ ಗಮನಿಸಿದರೆ ನನ್ನ ಸುತ್ತ ಎಲ್ಲರೂ ಇದೇ ತಪ್ಪು ಮಾಡುತ್ತಿದ್ದಾರೆ. ಧಾರವಾಡದ ನನ್ನ ಭಾವ ಹೆಡ್‌ಲೈಟ್ ವಿಷಯಕ್ಕೆ ಎರಡು ತಿಂಗಳು ಫೋನಿನಲ್ಲೇ ಜಗಳ ಮಾಡಿ ಕೊನೆಗೆ ಕೈಬಿಟ್ಟರು. ಹಾವೇರಿಯ ಒಬ್ಬ ಟ್ಯಾಕ್ಸಿಯವರು ಮರುದಿನ ಮದುವೆ ಬಾಡಿಗೆ ಇದೆ ಅಂತ, ಅಳತೆ ಕೂಡದ ಬ್ರೇಕ್ ಪ್ಯಾಡಿನ ಕಿವಿಯನ್ನು ಗ್ರೈಂಡರಿನಲ್ಲಿ ಉಜ್ಜಿ ಕೂರಿಸಿಕೊಂಡರು. ದುಡ್ಡೂ ಹೋಯಿತು, ಬ್ರೇಕಿನ ಮೇಲಿನ ನಂಬಿಕೆಯೂ ಹೋಯಿತು. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಕೊಳ್ಳುವಾಗ

ಇಲ್ಲಿ ಹೇಳುವುದು ಕಡಿಮೆ. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಕೇಳಿ ಪಡೆಯಿರಿ. 'ಇಂಥ ಕಾರು, ಇಂಥ ವರ್ಷ' ಅಂದರೆ ಸಾಲದು, ಒಂದೇ ವರ್ಷದ ಒಂದೇ ಕಾರಿನಲ್ಲೂ ಪೆಟ್ರೋಲಿಗೆ ಒಂದು, ಡೀಸೆಲ್ಲಿಗೆ ಇನ್ನೊಂದು ಇರುತ್ತದೆ. ಪಕ್ಕಾ ಬಿಲ್ಲು ತೆಗೆದುಕೊಳ್ಳಿ. ಜಿಎಸ್‌ಟಿ ಉಳಿಸುತ್ತೇನೆ ಅಂತ ಕಚ್ಚಾ ಚೀಟಿಗೆ ಒಪ್ಪಬೇಡಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ತೆರಿಗೆ 28ರಿಂದ ಶೇಕಡಾ 18ಕ್ಕೆ ಇಳಿದಿದೆ, ಆ 18 ಉಳಿಸಲು ಹೋಗಿ ಪೂರ್ತಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ಮಾತು, ಇದು ನನ್ನ ಗಟ್ಟಿ ಅಭಿಪ್ರಾಯ. ಬ್ರೇಕ್ ಮತ್ತು ಸ್ಟಿಯರಿಂಗ್ ಸಾಮಾನನ್ನು ಆನ್‌ಲೈನ್‌ನಲ್ಲಿ ತರಿಸಲೇಬೇಡಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮೂರಿನ ಅಂಗಡಿಯ ಕೌಂಟರಿಗೆ ಹೋಗಿ, ಹೊಸದರ ಪಕ್ಕ ಇಟ್ಟು ನೋಡಿ ತನ್ನಿ. ನಾಲ್ಕು ನೂರು ರೂಪಾಯಿ ಜಾಸ್ತಿ ಆಗಬಹುದು, ಆಗಲಿ. ಹಾಗೆಯೇ ಹೊರದೇಶದ ಅಗ್ಗದ ಹೆಡ್‌ಲೈಟ್ ಬೇಡ. ರಸ್ತೆಯ ಬಲಕ್ಕೆ ಗಾಡಿ ಓಡಿಸುವ ದೇಶಗಳಿಗೆ ಮಾಡಿದ ದೀಪವನ್ನು ಇಲ್ಲಿ ಹಾಕಿದರೆ ಡಿಪ್ ಮಾಡಿದಾಗಲೂ ಬೆಳಕು ಎದುರಿನವರ ಕಣ್ಣಿಗೇ ಬೀಳುತ್ತದೆ. ಭಾವನಿಗೆ ಬಂದದ್ದು ಅಂಥದ್ದೇ.

ಡಬ್ಬಿ ತೆರೆಯುವಾಗ

ಫೋನಿನಲ್ಲಿ ವಿಡಿಯೊ ಹಚ್ಚಿ, ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಿರಿ. ಮೊದಲು ವಿಳಾಸದ ಚೀಟಿ, ಆಮೇಲೆ ಟೇಪು, ಆಮೇಲೆ ಒಳಗಿನ ಡಬ್ಬಿ, ಕೊನೆಗೆ ಕಬ್ಬಿಣದ ಮೇಲೆ ಒತ್ತಿದ ನಂಬರ್. ಸ್ಟಿಕರ್ ಅಂಟಿಸಿದ್ದು, ಯಾರು ಬೇಕಾದರೂ ಬದಲಿಸಬಹುದು. ಒತ್ತಿದ ನಂಬರನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ, ದೂರು ಹೇಳುವ ನಂಬರ್ ಇರಬೇಕು ಅಂತ ಕಾನೂನೇ ಇದೆ. ಇವುಗಳಲ್ಲಿ ಎರಡು ಇಲ್ಲದಿದ್ದರೆ ಮಾಲು ಡುಪ್ಲಿಕೇಟ್ ಅಂತಲೇ ಅನುಮಾನಿಸಿ.

ಕೂಡದ ಮಾಲಿಗೆ ಪಾನಾ ಮುಟ್ಟಿಸಬೇಡಿ. ಬೋಲ್ಟಿನ ತೂತಿನಲ್ಲಿ ಒಂದು ಗೀರು ಬಿದ್ದರೂ ಸಾಕು, "ಫಿಟ್ ಮಾಡಿದ್ದೀರಿ, ವಾಪಸ್ ಇಲ್ಲ" ಅನ್ನುತ್ತಾರೆ. ವೀಲ್ ಬೇರಿಂಗ್ ಒಮ್ಮೆ ಪ್ರೆಸ್ ಮಾಡಿ ಕೂರಿಸಿದರೆ ಕಥೆ ಮುಗಿಯಿತು. ಸೆನ್ಸರ್, ಮೋಟರ್ ಥರದ ಕರೆಂಟಿನ ಸಾಮಾನಾದರೆ ಸಾಕೆಟ್ಟಿಗೆ ಚುಚ್ಚುವ ಮೊದಲೇ ಪಿನ್ ಎಷ್ಟಿವೆ ಎಣಿಸಿ ನೋಡಿ. "ಕಿವಿ ಕಟ್ ಮಾಡಿ ಈ ಕಡೆ ವೆಲ್ಡಿಂಗ್ ಹೊಡಿತೀನ್ರಿ, ಕೂಡತೈತಿ" ಅಂತ ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ. ಶಾಕಪ್ ಒಳಗೆ ಎಣ್ಣೆ ಇದೆ, ಎಷ್ಟೋ ಶಾಕಪ್‌ಗಳಲ್ಲಿ ಒತ್ತಡದ ಗ್ಯಾಸೂ ಇದೆ. ಅದಕ್ಕೆ ವೆಲ್ಡಿಂಗ್ ಬೆಂಕಿ ತೋರಿಸುವುದು ಜೀವಕ್ಕೇ ಅಪಾಯ.

ಕಾರು ನಿಲ್ಲಿಸಿಕೊಂಡು ಕೂರಲು ಆಗುವುದಿಲ್ಲ ಅಲ್ವಾ? ನಾನು ಅದೇ ಸಂಜೆ ಇಲ್ಲೇ ಬೇರೆ ಜೋಡಿ ತಂದು ಹಾಕಿಸಿದೆ. ತಪ್ಪು ಮಾಲನ್ನು ಡಬ್ಬಿಗೆ ಹಾಕಿ ಮನೆಯಲ್ಲಿಟ್ಟೆ. ಇಂಥ ಹೊತ್ತಿನಲ್ಲಿ ಎರಡನೇ ಬಿಲ್ಲನ್ನೂ ಜೋಪಾನ ಮಾಡಿ.

ಬರೆಯುವುದು

ಜನ ಸೋಲುವುದು ಇಲ್ಲೇ. ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ನಾನು ಫೋನ್ ಮಾಡಿದಾಗಲೆಲ್ಲ ಬೇರೆ ಬೇರೆಯವರು ಎತ್ತುತ್ತಿದ್ದರು. ಒಬ್ಬರು ನಾಳೆ ಪಿಕಪ್, ಅಂದರೆ ಮಾಲು ಒಯ್ಯಲು ಜನ ಬರುತ್ತಾರೆ ಅಂದರು. ಇನ್ನೊಬ್ಬರು ಮೇಲಿನವರಿಗೆ ಹೇಳಿದ್ದೇನೆ ಅಂದರು. ಮತ್ತೊಬ್ಬರು ನಿಮ್ಮ ಮೆಕ್ಯಾನಿಕ್‌ಗೆ ಫಿಟ್ ಮಾಡಲು ಬರುವುದಿಲ್ಲ ಅಂದರು. ಆ ಮಾತು ಕೇಳಿ ನನಗೆ ತುಂಬಾ ಸಿಟ್ಟು ಬಂತು, ಏಕೆಂದರೆ ನಮ್ಮ ಮಿಸ್ತ್ರಿ ಕಣ್ಣಳತೆಯಲ್ಲೇ ತಪ್ಪು ಹಿಡಿದವರು. ನಾನೂ ಕೂಗಾಡಿದೆ. ಹದಿನೇಳನೇ ದಿನ ಕೂತು ನೋಡಿದರೆ ನನ್ನ ಕೈಯಲ್ಲಿ ಒಂದೇ ಒಂದು ದಾಖಲೆ ಇರಲಿಲ್ಲ. ಅವರು ಹೇಳಿದ್ದೆಲ್ಲ ಗಾಳಿಗೆ ಹೋಗಿತ್ತು.

ಹಾಗಾಗಿ ಮೊದಲ ದಿನವೇ ಬರೆಯಿರಿ. ಇ-ಮೇಲ್ ಒಳ್ಳೆಯದು, ಅದರ ಜೊತೆ ವಾಟ್ಸ್‌ಆಪ್‌ನಲ್ಲೂ ಹಾಕಿ. ದೊಡ್ಡ ಆ್ಯಪ್‌ನಲ್ಲಿ ಕೊಂಡಿದ್ದರೆ ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಅಲ್ಲೇ ರಿಟರ್ನ್ ಕೂಡ ಒತ್ತಿ. ಇ-ಮೇಲಿಗೆ ಉತ್ತರ ಬರದಿದ್ದರೆ ಬಿಲ್ಲಿನ ಮೇಲಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್. ನಾನು ಬರೆದದ್ದು ಹೀಗಿತ್ತು:

"ಆರ್ಡರ್ ನಂಬರ್ ಇಂಥದ್ದು. ಇಂಥ ತಾರೀಕಿಗೆ 6,840 ರೂಪಾಯಿ ಕೊಟ್ಟಿದ್ದೇನೆ. ಮುಂದಿನ ಶಾಕಪ್ ಎಡದ್ದು ಒಂದು, ಬಲದ್ದು ಒಂದು ಆರ್ಡರ್ ಮಾಡಿದ್ದೆ. ಇಂಥ ತಾರೀಕಿಗೆ ಬಂದ ಪಾರ್ಸೆಲ್ಲಿನಲ್ಲಿ ಎರಡೂ ಎಡದವು ಇವೆ. ಎರಡನ್ನೂ ಫಿಟ್ ಮಾಡಿಲ್ಲ. ಡಬ್ಬಿ, ಸ್ಟಿಕರ್, ಒತ್ತಿದ ನಂಬರ್ ಇವುಗಳ ಫೋಟೊ ಮತ್ತು ಡಬ್ಬಿ ತೆರೆದ ವಿಡಿಯೊ ಜೊತೆಗಿವೆ. ನಿಮ್ಮ ಖರ್ಚಿನಲ್ಲಿ ಮಾಲು ವಾಪಸ್ ಪಡೆದು, ಪೂರ್ತಿ 6,840 ರೂಪಾಯಿಯನ್ನು ನಾನು ದುಡ್ಡು ಕೊಟ್ಟ ಖಾತೆಗೇ ಈ ತಿಂಗಳ 24ರ ಒಳಗೆ ಹಾಕಿ."

ಅಷ್ಟೇ. ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ, ನನ್ನ ಕಷ್ಟದ ಕಥೆಯೂ ಇಲ್ಲ. ನಾಳೆ ಬೇರೆ ಯಾರೇ ಓದಿದರೂ ಒಂದು ನಿಮಿಷದಲ್ಲಿ ಅರ್ಥ ಆಗಬೇಕು. 'ಆದಷ್ಟು ಬೇಗ' ಅಂತ ಬರೆಯಬೇಡಿ, ತಾರೀಕು ಹಾಕಿ, ಏಳು ದಿನ ಸಾಕು. ಕೇಳುವುದು ಒಂದೇ ಇರಲಿ. 'ಬದಲಿ ಕೊಡಿ, ಇಲ್ಲವೇ ದುಡ್ಡು ಕೊಡಿ, ಇಲ್ಲವೇ ರಿಯಾಯಿತಿ ಕೊಡಿ' ಅಂದರೆ ಅವರು ತಮಗೆ ಅಗ್ಗವಾದದ್ದನ್ನೇ ಆರಿಸಿಕೊಳ್ಳುತ್ತಾರೆ. ಅಂಗಡಿಯ ವಾಲೆಟ್ಟಿಗೆ ದುಡ್ಡು ಹಾಕುತ್ತೇವೆ ಅಂದರೆ ಬೇಡ ಅನ್ನಿ, ಅದು ಮತ್ತೆ ಅವರ ಗಲ್ಲಾಕ್ಕೇ ಹೋಗುವ ದುಡ್ಡು. ಮಾರಿದವರಿಗೆ ಕನ್ನಡ ಬರದಿದ್ದರೆ ಇದನ್ನೇ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಸಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ.

ಅವರು ಫೋನ್ ಮಾಡಿದರೆ ಎತ್ತಿ, ಮಾತಾಡಿ, ತಪ್ಪಿಲ್ಲ. ಆದರೆ ಇಟ್ಟ ಕೂಡಲೇ ಒಂದು ಸಂದೇಶ ಕಳಿಸಿ: "ಇವತ್ತು ಮಧ್ಯಾಹ್ನ 3.10ಕ್ಕೆ ನೀವು ಫೋನ್ ಮಾಡಿ, ಗುರುವಾರ ಪಿಕಪ್ ಕಳಿಸುತ್ತೇವೆ ಎಂದಿದ್ದೀರಿ." ಇದು ಸಣ್ಣ ಕೆಲಸ, ಆದರೆ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಬಾಯಿಮಾತು ಆ ಕ್ಷಣಕ್ಕೆ ಕಾಗದವಾಗುತ್ತದೆ. ಅವರು ಅದನ್ನು ಅಲ್ಲಗಳೆಯದಿದ್ದರೆ ಒಪ್ಪಿಕೊಂಡ ಹಾಗೆಯೇ ಅಂತ ವಾದಿಸಲು ನಿಮಗೆ ಜಾಗ ಸಿಗುತ್ತದೆ.

"ಒಮ್ಮೆ ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಅಂತ ಬಿಲ್ಲಿನ ಅಡಿಯಲ್ಲಿ ಅಚ್ಚಾಗಿದೆ ಅಂತ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ಮಾಲನ್ನು ವಾಪಸ್ ಪಡೆದು ದುಡ್ಡು ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಗಡುವು ಬರೆದಿಲ್ಲದಿದ್ದರೆ 30 ದಿನ ಅಂತ ಕಾಯ್ದೆಯಲ್ಲಿದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬೇರೆ ನಿಯಮ ಬಂದಿವೆ: ತೋರಿಸಿದ್ದು ಒಂದು, ಬಂದದ್ದು ಇನ್ನೊಂದು ಆದರೆ ವಾಪಸ್ ಪಡೆಯಲೇಬೇಕು, ದೂರು ನೋಡುವ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿಯ ಹೆಸರು ಅವರ ಜಾಲತಾಣದಲ್ಲೇ ಇರಬೇಕು. ಹುಡುಕಿ, ಅವರ ಹೆಸರಿಗೇ ಬರೆಯಿರಿ.

ಒಂದು ಎಚ್ಚರಿಕೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಬಿಲ್ಲಿನ ಮೇಲೆ ಇರುವುದನ್ನೇ ಬಳಸಿ. ಹುಡುಕಿದಾಗ ಸಿಗುವವುಗಳಲ್ಲಿ ಕಳ್ಳರ ನಂಬರೂ ಇರುತ್ತವೆ. ದುಡ್ಡು ವಾಪಸ್ ಮಾಡಲು ಓಟಿಪಿ ಹೇಳಿ, ಈ ಆ್ಯಪ್ ಹಾಕಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡಿ. ಮೋಸ ಆಗಿಹೋಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಗಡುವು ದಾಟಿದರೆ

ಮರುದಿನವೇ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ದೂರು ತೆಗೆದುಕೊಳ್ಳುತ್ತಾರೆ. ಇದು ಕೋರ್ಟ್ ಅಲ್ಲ, ಆದೇಶ ಕೊಡುವುದಿಲ್ಲ, ಆದರೆ ದೂರನ್ನು ಮಾರಿದವರ ಮುಂದೆ ಇಡುತ್ತದೆ. ನಾನು 25ನೇ ದಿನ ದೂರು ಕೊಟ್ಟೆ. ಹದಿನೇಳು ದಿನ ಪತ್ತೆಯಿಲ್ಲದ ಪಿಕಪ್ಪಿನ ಬಗ್ಗೆ ಎರಡೇ ದಿನದಲ್ಲಿ ಮಾರಿದವರಿಂದ ಇ-ಮೇಲ್ ಬಂತು: ನಮ್ಮಲ್ಲಿ ಪಿಕಪ್ ಇಲ್ಲ, ನೀವೇ ಕೊರಿಯರ್ ಮಾಡಿ, ಖರ್ಚು ಕೊಡುತ್ತೇವೆ. ವಿಳಾಸ ಮತ್ತು ಈ ಮಾತು ಬರವಣಿಗೆಯಲ್ಲಿ ಬಂದ ಮೇಲೆಯೇ ಮಾಲು ಕಳಿಸಿ. ಪ್ಯಾಕ್ ಮಾಡುವಾಗಲೂ ವಿಡಿಯೊ ತೆಗೆಯಿರಿ, ತೂಕ ಬರೆದ ರಸೀತಿ ಕೇಳಿ ಪಡೆಯಿರಿ. ಖಾಲಿ ಡಬ್ಬಿ ಬಂದಿದೆ ಅಂತ ಹೇಳುವವರಿಗೆ ತೂಕವೇ ಉತ್ತರ.

ಕಾರ್ಡಿನಲ್ಲಿ ದುಡ್ಡು ಕೊಟ್ಟಿದ್ದರೆ ಬ್ಯಾಂಕಿಗೂ ಬರೆದು ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ದುಡ್ಡನ್ನು ಬ್ಯಾಂಕಿನ ಮೂಲಕವೇ ವಾಪಸ್ ತರಿಸುವುದನ್ನು, ಕೇಳಿ. ಅದಕ್ಕೂ ಗಡುವು ಇರುತ್ತದೆ, ಆದ್ದರಿಂದ ಕಾಯಬೇಡಿ.

ಇದ್ಯಾವುದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನಮ್ಮ ಜಿಲ್ಲೆಯದು ಧಾರವಾಡದಲ್ಲಿದೆ. ಗದಗಿನವರು, ಹಾವೇರಿಯವರು ತಮ್ಮ ತಮ್ಮ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಮಾರಿದವರು ದಿಲ್ಲಿಯಲ್ಲಿದ್ದರೂ ಪರವಾಗಿಲ್ಲ, ನೀವು ಇರುವ ಊರಿನಲ್ಲೇ ದೂರು ಹಾಕುವ ಹಕ್ಕನ್ನು ಹೊಸ ಕಾಯ್ದೆ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಮೂರು ತಿಂಗಳಲ್ಲಿ, ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ, ಆದರೆ ಅದಕ್ಕಿಂತ ಜಾಸ್ತಿ ಹಿಡಿದರೂ ಎದೆಗುಂದಬೇಡಿ.

ಟ್ಯಾಕ್ಸಿಯವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ, ನಮ್ಮದು ಬಾಡಿಗೆ ಗಾಡಿ, ನಾವು ಗ್ರಾಹಕರು ಆಗುತ್ತೇವೆಯೇ ಅಂತ. ವ್ಯಾಪಾರಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುತ್ತದೆ ನಿಜ. ಆದರೆ ಒಂದು ಗಾಡಿ ಇಟ್ಟುಕೊಂಡು, ತಾವೇ ಓಡಿಸಿ ಹೊಟ್ಟೆ ಹೊರೆಯುವವರು ಗ್ರಾಹಕರೇ. ಹಾವೇರಿಯವರಿಗೂ ಇದನ್ನೇ ಹೇಳಿದೆ. ಅವರು ಪ್ಯಾಡಿಗೆ ಗ್ರೈಂಡರ್ ಹಿಡಿಸದೆ ಇದ್ದಿದ್ದರೆ ಅವರ ದುಡ್ಡೂ ಸಿಗುತ್ತಿತ್ತು ಅಂತ ಇವತ್ತಿಗೂ ನನಗೆ ಬೇಜಾರಿದೆ.

ನನ್ನ ಖಾತೆಗೆ 33ನೇ ದಿನ 6,840 ಬಂತು, ಕೊರಿಯರಿನ 540 ಬರಲಿಲ್ಲ. ಸಹಾಯವಾಣಿಯಿಂದ ದೂರು ಬಗೆಹರಿಯಿತೇ ಅಂತ ಕೇಳಿದರು. ಇಲ್ಲ, ಇನ್ನೂ 540 ಬಾಕಿ ಇದೆ ಅಂದೆ, ರಸೀತಿಯನ್ನೂ ಖರ್ಚು ಕೊಡುತ್ತೇವೆ ಅಂದಿದ್ದ ಅವರದೇ ಇ-ಮೇಲನ್ನೂ ಮತ್ತೆ ಕಳಿಸಿದೆ. ನಾಲ್ಕನೇ ದಿನ ಅದೂ ಬಂತು. ಆಮೇಲೆ ದೂರು ಮುಗಿಸಿ ಅಂತ ಬರೆದೆ.