ಸೇಲ್ಸ್ ಲೀಡ್ ಡೇಟಾಗೆ ಎಐ ಏಜೆಂಟ್: ಟೂಲ್ ವಿವರಣೆ ಬರೆಯುವಾಗ ನಾನು ಪಾಲಿಸುವ ಕ್ರಮ

ಲೀಡ್ (ಮುಂದೆ ಗ್ರಾಹಕರಾಗಬಹುದಾದವರು) ಡೇಟಾದ ಬಗ್ಗೆ ಕೇಳಿದ್ದಕ್ಕೆ ಉತ್ತರಿಸಲು ಎಐ ಏಜೆಂಟ್ ನಾವು ಬರೆದುಕೊಟ್ಟ ಟೂಲ್‌ಗಳನ್ನು, ಅಂದರೆ ಫಂಕ್ಷನ್‌ಗಳನ್ನು, ಕರೆಯುತ್ತದೆ. ಆದರೆ ಏಜೆಂಟ್‌ಗೆ ನಮ್ಮ ಕೋಡ್ ಕಾಣುವುದಿಲ್ಲ. ಎಂಸಿಪಿ (ಎಐಗೆ ಟೂಲ್‌ಗಳನ್ನು ಜೋಡಿಸುವ ಒಂದು ಪ್ರಮಾಣಿತ ವಿಧಾನ) ಸರ್ವರ್ ಇರಲಿ, ನೇರವಾಗಿ ಟೂಲ್ ಕಾಲಿಂಗ್ ಇರಲಿ, ಏಜೆಂಟ್‌ನ ಒಳಗಿನ ಮಾಡೆಲ್ ಕೈಗೆ ಸಿಗುವುದು ಮುಖ್ಯವಾಗಿ ಟೂಲ್‌ನ ಹೆಸರು, ವಿವರಣೆ ಮತ್ತು ಇನ್‌ಪುಟ್ ಸ್ಕೀಮಾ (ಯಾವ ಇನ್‌ಪುಟ್ ಯಾವ ರೂಪದಲ್ಲಿ ಬೇಕೆಂಬ ಪಟ್ಟಿ). ಲೀಡ್ ಡೇಟಾದಲ್ಲಿ ವಿವರಣೆ ಕೆಟ್ಟರೆ ಎರರ್ ಬರುವುದು ಅಪರೂಪ, ತಪ್ಪು ಸಂಖ್ಯೆಯೇ ಬರುತ್ತದೆ. ನೋಡುವವರಿಗೆ ಅನುಮಾನ ಬರುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ, ಹಾಗಾಗಿ ಅದು ನೇರವಾಗಿ ರಿವ್ಯೂ ಮೀಟಿಂಗ್‌ಗೆ ಹೋಗುತ್ತದೆ.

ಗ್ರಾಹಕರ ಮಾಹಿತಿ ಇಡುವ ಸಾಫ್ಟ್‌ವೇರ್ ಸೇಲ್ಸ್‌ಫೋರ್ಸ್‌ನ ಲೀಡ್ ಆಬ್ಜೆಕ್ಟನ್ನೇ (ಲೀಡ್‌ಗಳನ್ನು ದಾಖಲಿಸುವ ಟೇಬಲ್) ಉದಾಹರಣೆಗೆ ತೆಗೆದುಕೊಳ್ಳೋಣ. ಲೀಡ್ ಖರೀದಿಗೆ ಯೋಗ್ಯವೆನಿಸಿದಾಗ ಅದನ್ನು ಗ್ರಾಹಕ ಕಂಪನಿ (ಅಕೌಂಟ್), ವ್ಯಕ್ತಿ (ಕಾಂಟ್ಯಾಕ್ಟ್), ಸಂಭಾವ್ಯ ವ್ಯವಹಾರದ (ಆಪರ್ಚುನಿಟಿ) ದಾಖಲೆಗಳಾಗಿ ಬದಲಿಸುವುದಕ್ಕೆ ಕನ್ವರ್ಟ್ ಎನ್ನುತ್ತಾರೆ. ಹುಡುಕುವ ಟೂಲ್‌ಗೆ ಸಾಮಾನ್ಯವಾಗಿ ಸಿಗುವುದು "ಲೀಡ್‌ಗಳನ್ನು ಹುಡುಕುತ್ತದೆ" ಎಂಬ ಒಂದು ಸಾಲು. ಅಷ್ಟನ್ನು ಟೂಲ್‌ನ ಹೆಸರೇ ಹೇಳುತ್ತದೆ. ನಾನು ಬರೆಯುವುದು ಇಂಗ್ಲಿಷಿನಲ್ಲಿ, ಸಾರಾಂಶ ಹೀಗಿರುತ್ತದೆ:

"ಇನ್ನೂ ಕನ್ವರ್ಟ್ ಆಗದ ಲೀಡ್‌ಗಳನ್ನು ಸ್ಟೇಟಸ್, ಸೋರ್ಸ್, ಓನರ್, ದಾಖಲಾದ ದಿನಾಂಕದ ಪ್ರಕಾರ ಹುಡುಕಿ ಕೊಡುತ್ತದೆ. ಕನ್ವರ್ಟ್ ಆದ ಲೀಡ್ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಆಪರ್ಚುನಿಟಿ ಟೂಲ್ ಬಳಸಿ. 'ಎಷ್ಟು' ಎಂಬ ಪ್ರಶ್ನೆಗೆ ಇದನ್ನು ಕರೆಯಬೇಡಿ, ಎಣಿಕೆಯ ಟೂಲ್ ಬಳಸಿ. ಒಂದು ಕರೆಗೆ ಗರಿಷ್ಠ 50 ಸಾಲು, ಹೊಸದು ಮೊದಲು. ಮುಂದಿನ ಪುಟ ಬೇಕಿದ್ದರೆ ಉತ್ತರದಲ್ಲಿ ಬಂದ ಕರ್ಸರ್ (ಮುಂದಿನ ಪುಟದ ಗುರುತು) ಅನ್ನು ಹಾಗೇ ಕಳಿಸಿ. ಫೋನ್, ಇಮೇಲ್ ಇದರಲ್ಲಿ ಬರುವುದಿಲ್ಲ."

ಇದರಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು "ಇಲ್ಲ", "ಬೇಡಿ" ಎಂಬ ವಾಕ್ಯಗಳು. "ಎಕ್ಸಿಬಿಷನ್‌ನಿಂದ ಎಷ್ಟು ಲೀಡ್ ಬಂತು?" ಎಂದು ಕೇಳಿದರೆ, ವಿವರಣೆಯಲ್ಲಿ ಎಚ್ಚರಿಕೆ ಇಲ್ಲದಾಗ ಮಾಡೆಲ್ ಈ ಟೂಲ್ ಕರೆದು 50 ಸಾಲು ಎಣಿಸಿ "50" ಎನ್ನುತ್ತದೆ. ಎಲ್ಲ ಪುಟ ತಿರುವಿದರೂ ಲೆಕ್ಕ ಸರಿಯಾಗುವುದಿಲ್ಲ, ಏಕೆಂದರೆ ಕನ್ವರ್ಟ್ ಆಗಿ ಅಕೌಂಟ್, ಕಾಂಟ್ಯಾಕ್ಟ್, ಆಪರ್ಚುನಿಟಿ ಆದ ಅತ್ಯುತ್ತಮ ಲೀಡ್‌ಗಳೇ ಅದರಲ್ಲಿ ಇರುವುದಿಲ್ಲ. ಚೆನ್ನಾಗಿ ನಡೆದ ಎಕ್ಸಿಬಿಷನ್ ದಂಡ ಎನ್ನಿಸಿಕೊಳ್ಳುತ್ತದೆ. ಹೀಗಾಗಿ ಎಣಿಕೆಯ ಟೂಲ್‌ನ ವಿವರಣೆಯಲ್ಲಿ "ಕನ್ವರ್ಟ್ ಆದವೂ ಸೇರಿ" ಎಂದು ಬರೆದು, ಆದವು ಮತ್ತು ಆಗದವು ಎರಡರ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಕೊಡಿಸುತ್ತೇನೆ.

ಮುಂದಿನದು ಫೀಲ್ಡ್‌ಗಳ ಅರ್ಥ. ಸೇಲ್ಸ್‌ನವರು "ಹಾಟ್ ಲೀಡ್" ಎಂದಾಗ ಮಾಡೆಲ್ ಸ್ಟೇಟಸ್‌ನಲ್ಲಿ ಹುಡುಕುವ ಸಾಧ್ಯತೆ ಇದೆ, ಆದರೆ ಹಾಟ್, ವಾರ್ಮ್, ಕೋಲ್ಡ್ ಇರುವುದು ರೇಟಿಂಗ್ ಫೀಲ್ಡ್‌ನಲ್ಲಿ. ಇನ್ನೂ ಅಪಾಯದ್ದು ಆನ್ಯುಯಲ್ ರೆವೆನ್ಯೂ. ಅದು ಆ ಗ್ರಾಹಕ ಕಂಪನಿಯ ವಾರ್ಷಿಕ ವಹಿವಾಟು, ನಮಗೆ ಸಿಗಬಹುದಾದ ಆರ್ಡರ್ ಮೊತ್ತವಲ್ಲ. ಇದನ್ನು ಬರೆಯದೆ ಬಿಟ್ಟರೆ "ಪೈಪ್‌ಲೈನ್ (ಮುಂದೆ ಬರಬಹುದಾದ ಆರ್ಡರ್‌ಗಳ ಒಟ್ಟು ಮೊತ್ತ) ಎಷ್ಟು?" ಎಂಬ ಪ್ರಶ್ನೆಗೆ ಏಜೆಂಟ್ ಊರಿನ ಕಂಪನಿಗಳ ವಹಿವಾಟನ್ನೆಲ್ಲ ಕೂಡಿಸಿ ಕೋಟಿಗಳಲ್ಲಿ ಉತ್ತರ ಕೊಡುತ್ತದೆ. ಹಣದ ಇನ್‌ಪುಟ್‌ಗೆ "ಪೂರ್ಣ ರೂಪಾಯಿ, ಅಲ್ಪವಿರಾಮ ಬೇಡ, 25 ಲಕ್ಷ ಎಂದರೆ 2500000" ಎಂದು ಉದಾಹರಣೆ ಸಮೇತ ಬರೆಯುತ್ತೇನೆ.

ದಿನಾಂಕಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಸೇಲ್ಸ್‌ಫೋರ್ಸ್ ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯ) ಇಡುತ್ತದೆ. ನಮ್ಮ ಮಧ್ಯರಾತ್ರಿ 12 ಗಂಟೆ ಅಲ್ಲಿ ಹಿಂದಿನ ದಿನದ 18:30. ಯುಟಿಸಿ ಪ್ರಕಾರ "ಇಂದು" ಎಂದು ತೆಗೆದರೆ, ರಾತ್ರಿ 12ರಿಂದ ಬೆಳಗಿನ 5:30ರ ನಡುವೆ ವೆಬ್ ಫಾರ್ಮ್‌ನಲ್ಲಿ ಬಂದ ಲೀಡ್ ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ "ದಿನಾಂಕ 2025-04-01 ರೂಪದಲ್ಲಿ, ಭಾರತೀಯ ಕಾಲಮಾನ, ಎರಡೂ ತುದಿಯ ದಿನಗಳು ಸೇರಿ" ಎಂದು ವಿವರಣೆಯಲ್ಲಿ ಬರೆದು, ಯುಟಿಸಿ ಲೆಕ್ಕವನ್ನು ಸರ್ವರ್‌ನಲ್ಲೇ ಮಾಡಿಸುತ್ತೇನೆ. ಮಾಡೆಲ್‌ಗೆ ಆ ಲೆಕ್ಕ ಬಿಟ್ಟರೆ ಒಮ್ಮೆ ಸರಿ ಬರುತ್ತದೆ, ಒಮ್ಮೆ ಇಲ್ಲ. "ಮೊದಲ ಕ್ವಾರ್ಟರ್ ಎಂದರೆ ಏಪ್ರಿಲ್‌ನಿಂದ ಜೂನ್" ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು, ಇಲ್ಲದಿದ್ದರೆ ಅದು ಜನವರಿಯಿಂದ ಎಣಿಸುವುದೇ ಹೆಚ್ಚು. ಇವತ್ತಿನ ದಿನಾಂಕವೂ ಮಾಡೆಲ್‌ಗೆ ತಾನಾಗಿ ಗೊತ್ತಿರುವುದಿಲ್ಲ, ಸಿಸ್ಟಮ್ ಪ್ರಾಂಪ್ಟ್‌ನಲ್ಲಿ (ಮಾಡೆಲ್‌ಗೆ ಮೊದಲೇ ಕೊಡುವ ಸೂಚನೆ) ಕೊಡಬೇಕು.

ಐಡಿ ಕೇಳುವ ಕಡೆ "00Q ಇಂದ ಶುರುವಾಗುವ 18 ಅಕ್ಷರದ ಐಡಿ. ಹೆಸರಷ್ಟೇ ಗೊತ್ತಿದ್ದರೆ ಮೊದಲು ಹುಡುಕುವ ಟೂಲ್ ಬಳಸಿ" ಎಂದರೆ ಸಾಕು. "ನನ್ನ ಲೀಡ್‌ಗಳು" ಎಂಬುದಕ್ಕೆ ಓನರ್ ಐಡಿಯನ್ನು ಮಾಡೆಲ್‌ನಿಂದ ಪಡೆಯಲೇಬಾರದು, ಲಾಗಿನ್ ಆದವರ ಸೆಷನ್‌ನಿಂದ ಪಡೆಯಬೇಕು. ಒಬ್ಬರ ಲೀಡ್ ಇನ್ನೊಬ್ಬರಿಗೆ ಕಾಣದಂತೆ ತಡೆಯುವುದು ಸರ್ವರ್‌ನ ಕೆಲಸ, ಎಷ್ಟು ಚೆನ್ನಾಗಿ ಬರೆದರೂ ವಿವರಣೆ ಬೀಗ ಆಗುವುದಿಲ್ಲ.

ಡೇಟಾ ಬದಲಿಸುವ ಟೂಲ್‌ಗಳನ್ನು ಓದುವ ಟೂಲ್‌ಗಳಿಂದ ಬೇರೆ ಇಡುತ್ತೇನೆ. ಕನ್ವರ್ಟ್ ಮಾಡುವ ಟೂಲ್‌ಗೆ "ಇದನ್ನು ಹಿಂದಕ್ಕೆ ಪಡೆಯಲಾಗದು, ಬಳಕೆದಾರರು ಲೀಡ್‌ನ ಹೆಸರು ನೋಡಿ ಒಪ್ಪಿದ ಮೇಲೆ ಮಾತ್ರ ಕರೆಯಿರಿ" ಎಂಬ ಸಾಲು ಬೇಕು. ಎಂಸಿಪಿಯಲ್ಲಿ ರೀಡ್-ಓನ್ಲಿ (ಓದಲು ಮಾತ್ರ), ಡಿಸ್ಟ್ರಕ್ಟಿವ್ (ಡೇಟಾ ಅಳಿಸಬಹುದಾದ) ಎಂಬ ಗುರುತುಗಳಿವೆ, ಆದರೆ ಅವು ಸೂಚನೆ ಮಾತ್ರ. ವೆಬ್ ಫಾರ್ಮ್‌ನಿಂದ ಬರುವ ಡಿಸ್ಕ್ರಿಪ್ಷನ್ ಫೀಲ್ಡನ್ನು ನಾನು ಪಟ್ಟಿಯಲ್ಲಿ ಕೊಡುವುದೇ ಇಲ್ಲ. ಅಲ್ಲಿ ಹೊರಗಿನವರು ಏನು ಬೇಕಾದರೂ ಬರೆಯಬಹುದು, ಏಜೆಂಟ್‌ಗೆ ಆಜ್ಞೆಯನ್ನೂ ಸಹ.

ಎರರ್ ಸಂದೇಶವೂ ವಿವರಣೆಯ ಭಾಗವೇ. "ತಪ್ಪು ಇನ್‌ಪುಟ್" ಎಂದರೆ ಮಾಡೆಲ್ ಇನ್ನೊಂದು ಊಹೆ ಮಾಡುತ್ತದೆ. "ಈ ಸ್ಟೇಟಸ್ ಇಲ್ಲ, ಇರುವವು ಇವು" ಎಂದು ಪಟ್ಟಿ ಕೊಟ್ಟರೆ ಮುಂದಿನ ಕರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪರೀಕ್ಷೆಗೆ ಸೇಲ್ಸ್ ತಂಡದವರು ನಿಜವಾಗಿ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ, ಕಂಗ್ಲಿಷ್ ಸಮೇತ, ಇಟ್ಟುಕೊಳ್ಳುತ್ತೇನೆ. ಉತ್ತರಕ್ಕಿಂತ ಮೊದಲು ಲಾಗ್ ಓದಬೇಕು: ಯಾವ ಟೂಲ್ ಕರೆಯಿತು, ಯಾವ ಇನ್‌ಪುಟ್ ಕೊಟ್ಟಿತು. ತಪ್ಪಿದಲ್ಲಿ ಒಂದು ವಾಕ್ಯ ಬದಲಿಸಿ ಎಲ್ಲ ಪ್ರಶ್ನೆಗಳನ್ನೂ ಮತ್ತೆ ಓಡಿಸುತ್ತೇನೆ. ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದು ಉಪಯೋಗಕ್ಕೆ ಬಂತೆಂದು ತಿಳಿಯುವುದಿಲ್ಲ. ವಿವರಣೆ ಉದ್ದವಾದಷ್ಟೂ ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕು) ಖರ್ಚು ಹೆಚ್ಚು, ಆದ್ದರಿಂದ ಯಾವ ಪ್ರಶ್ನೆಯ ಫಲಿತಾಂಶವನ್ನೂ ಬದಲಿಸದ ವಾಕ್ಯವನ್ನು ತೆಗೆದುಹಾಕುತ್ತೇನೆ. ಸ್ಟೇಟಸ್ ಮತ್ತು ಸೋರ್ಸ್ ಮೌಲ್ಯಗಳನ್ನು ಮಾತ್ರ ಕೈಯಲ್ಲಿ ಬರೆಯುವುದಿಲ್ಲ. ಅಡ್ಮಿನ್ ಪಿಕ್‌ಲಿಸ್ಟ್ (ಆಯ್ಕೆಗಳ ಪಟ್ಟಿ) ಬದಲಿಸುತ್ತಲೇ ಇರುತ್ತಾರೆ, ಹಾಗಾಗಿ ಸರ್ವರ್ ಶುರುವಾಗುವಾಗಲೇ ಅವನ್ನು ಸೇಲ್ಸ್‌ಫೋರ್ಸ್‌ನಿಂದ ಓದಿ ಸ್ಕೀಮಾದ ಈನಮ್‌ಗೆ (ಒಪ್ಪುವ ಮೌಲ್ಯಗಳ ಪಟ್ಟಿ) ತುಂಬಿಸುತ್ತೇನೆ.