ಬಸುರಿಯ ಹಾಸಿಗೆಗೆ ಸೊಳ್ಳೆ ಪರದೆ ಕಟ್ಟುವ ಕ್ರಮ

ಮಂಗಳೂರಿನಲ್ಲಿ 1990ರ ದಶಕದಿಂದೀಚೆಗೆ ಮಲೇರಿಯಾ ಹಬ್ಬಿದ್ದು ಕಟ್ಟಡ ಕಾಮಗಾರಿಗಳ ಜೊತೆಜೊತೆಗೇ. ಕಾಂಕ್ರೀಟು ಗಟ್ಟಿಯಾಗಲೆಂದು (ಕ್ಯೂರಿಂಗ್) ತಾರಸಿಯ ಮೇಲೆ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕ್, ಬಳಸದ ಬಾವಿ ಇವೆಲ್ಲ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವ ತಾಣಗಳು. ಅವುಗಳ ಪಕ್ಕದ ತಗಡಿನ ಶೆಡ್ಡಿನಲ್ಲೇ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ಮಲಗುತ್ತವೆ.

ಬಸಿರಿನಲ್ಲಿ ಮಲೇರಿಯಾವನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಫಾಲ್ಸಿಪಾರಂ ರೋಗಾಣು ಮಾಸಿನಲ್ಲಿ ಬೀಡುಬಿಟ್ಟು ಮಗುವಿಗೆ ಸಲ್ಲಬೇಕಾದ ಪೋಷಣೆಗೆ ಅಡ್ಡಿಯಾಗುತ್ತದೆ; ಚೊಚ್ಚಲ ಬಸಿರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ ರೋಗಾಣು ಕೂಡ ತಾಯಿಗೆ ರಕ್ತಹೀನತೆಯನ್ನೂ ಮಗುವಿಗೆ ಕಡಿಮೆ ತೂಕವನ್ನೂ ತರಬಲ್ಲದು. ಆದ್ದರಿಂದ ಬಸಿರು ಖಚಿತವಾದ ದಿನದಿಂದಲೇ ಪರದೆ ಬಳಸಬೇಕು.

ಪೈರೆಥ್ರಾಯ್ಡ್ ಕೀಟನಾಶಕ ಬೆರೆಸಿದ ದೀರ್ಘಬಾಳಿಕೆಯ ಪರದೆ ಸಿಕ್ಕರೆ ಒಳ್ಳೆಯದು. ಬಸುರಿಯರೂ ಅದನ್ನು ಬಳಸಬಹುದು. ಪೊಟ್ಟಣ ಒಡೆದ ಕೂಡಲೇ ಕಟ್ಟದೆ, ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ ಹರವಿ ಗಾಳಿಯಾಡಲು ಬಿಡಿ. ಬಿಸಿಲಿಗೆ ಹಾಕಿದರೆ ಮದ್ದಿನ ಗುಣ ಕೆಡುತ್ತದೆ.

ಕಟ್ಟುವಾಗ ನಾಲ್ಕು ಮೂಲೆಗಳ ಹುರಿಯನ್ನು ಮೊಳೆಗೋ ಶೆಡ್ಡಿನ ಕಂಬಕ್ಕೋ ಬಿಗಿದು, ಮಲಗಿದವಳ ಕೈಕಾಲು ಬಟ್ಟೆಗೆ ತಾಗದಷ್ಟು ಅಗಲ ಬಿಡಬೇಕು, ಏಕೆಂದರೆ ಮದ್ದಿಲ್ಲದ ಸಾದಾ ಪರದೆಗೆ ಮೊಣಕೈ ಒತ್ತಿಕೊಂಡಿದ್ದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಅಂಚನ್ನು ಹಾಸಿಗೆಯ ಅಡಿಗೆ, ನೆಲದಲ್ಲಿ ಮಲಗುವವರು ಚಾಪೆಯ ಅಡಿಗೆ, ಸುತ್ತಲೂ ಸಿಕ್ಕಿಸಬೇಕು. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲಿಂದ ಮುಂದೆ. ಬಸುರಿ ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾಳೆ, ಎದ್ದ ಪ್ರತಿ ಸಲವೂ ಅಂಚು ತೆರೆದೇ ಉಳಿಯುತ್ತದೆ. ನೀರಿನ ಬಾಟಲಿ ಮತ್ತು ಟಾರ್ಚನ್ನು ಒಳಗೇ ಇಟ್ಟುಕೊಂಡು, ಹೊರಹೋಗುವಾಗಲೂ ಮರಳಿದಾಗಲೂ ಅಂಚು ಸಿಕ್ಕಿಸುವ ಕೆಲಸವನ್ನು ಗಂಡನಿಗೆ ವಹಿಸುವುದು ವಾಸಿ. ಕರಾವಳಿಯ ಸೆಕೆಯಲ್ಲಿ ಪರದೆಯೊಳಗೆ ಉಸಿರುಗಟ್ಟುತ್ತದೆಂಬ ದೂರು ಸುಳ್ಳೇನಲ್ಲ. ಫ್ಯಾನನ್ನು ಹೊರಗಿಟ್ಟು ಗಾಳಿ ಒಳಬರುವಂತೆ ತಿರುಗಿಸಿದರೆ ತಕ್ಕಮಟ್ಟಿಗೆ ಹಿತವಾಗುತ್ತದೆ. ಮುಸ್ಸಂಜೆಯಿಂದ ಮಲಗುವವರೆಗಿನ ಹೊತ್ತಿಗೆ ಪರದೆ ಒದಗುವುದಿಲ್ಲವಾದ್ದರಿಂದ, ಆಗ ಮೈತುಂಬ ಬಟ್ಟೆ ತೊಡಬೇಕು.

ಪರದೆಯನ್ನು ಮೂರು ತಿಂಗಳಿಗೊಮ್ಮೆ, ತಣ್ಣೀರಿನಲ್ಲಿ, ಸೌಮ್ಯ ಸೋಪಿನಿಂದ ಒಗೆದು ನೆರಳಿನಲ್ಲಿ ಒಣಗಿಸಿದರೆ ಸಾಕು. ಮದ್ದು ಮೀನುಗಳಿಗೆ ವಿಷ, ಕೆರೆ ತೋಡುಗಳಲ್ಲಿ ಒಗೆಯಬೇಡಿ. ತೂತು ಕಂಡರೆ ಅಂದೇ ಹೊಲಿಯಿರಿ.

ಪರದೆ ಇದ್ದರೂ ಚಳಿಜ್ವರ ಬಂದರೆ, ಜ್ವರದ ಮಾತ್ರೆ ನುಂಗಿ ಕಾಯದೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಎಷ್ಟು ತಿಂಗಳಾಗಿದೆ ಎಂಬುದನ್ನು ತಪ್ಪದೆ ಹೇಳಬೇಕು. ವೈವಾಕ್ಸ್ ಮರುಕಳಿಸದಂತೆ ಕೊಡುವ ಪ್ರಿಮಾಕ್ವಿನ್ ಮಾತ್ರೆ ಬಸುರಿಯರಿಗೆ ನಿಷಿದ್ಧ, ಹಿಂದೆ ಮನೆಯವರಿಗೆ ಬರೆದುಕೊಟ್ಟದ್ದು ಉಳಿದಿದ್ದರೂ ಅದನ್ನು ನುಂಗಕೂಡದು.

ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಾಗ ಸೀರೆಗಳ ಜೊತೆ ಪರದೆಯನ್ನೂ ಮಡಿಚಿ ಚೀಲಕ್ಕೆ ಹಾಕಿಕೊಳ್ಳಿ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರವೂ ಮತ್ತೆ ಜ್ವರ ತರಬಲ್ಲದು; ಹಾಗಾಗಿ ರಾಯಚೂರಿನಲ್ಲೋ ಬಾಗಲಕೋಟೆಯಲ್ಲೋ ಜ್ವರ ಬಂದರೆ, ಮಂಗಳೂರಿನಿಂದ ಬಂದದ್ದನ್ನೂ ಹಿಂದೆ ಮಲೇರಿಯಾ ಆಗಿದ್ದರೆ ಅದನ್ನೂ ಅಲ್ಲಿನ ವೈದ್ಯರಿಗೆ ಮೊದಲೇ ಹೇಳಿ. ಬಸಿರಿನಲ್ಲಿ ಕೊಡಲಾಗದೆ ಬಾಕಿ ಉಳಿದ ಪ್ರಿಮಾಕ್ವಿನ್ ವಿಚಾರವನ್ನು ಹೆರಿಗೆಯ ನಂತರ, ಮಗುವಿಗೆ ಹಾಲೂಡಿಸುತ್ತಿರುವುದನ್ನೂ ತಿಳಿಸಿ, ಅವರನ್ನೇ ಕೇಳಿ.